ತಮ್ಮನ ಎಡ ಹೊಳ್ಳೆ

ಅಪ್ಪ ತಮ್ಮನ ಮೂಗಿನ ಕೆಳಗೆ ಹಿಡಿದದ್ದು ಹೂಬತ್ತಿಯಿಂದ ಕಿತ್ತ ಹತ್ತಿಯ ಎಳೆ ಎಂದು ನನ್ನ ನೆನಪು. ಅದು ಜನಿವಾರದ ನೂಲು ಅನ್ನುತ್ತಾನೆ ತಮ್ಮ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ನನಗೆ ಅನುಕೂಲವಾದದ್ದನ್ನಷ್ಟೇ ಅದು ಇಟ್ಟುಕೊಂಡಿರಬಹುದು. ಆದರೆ ಎಡಗಡೆ ಹಿಡಿದಾಗ ಆ ಎಳೆ ಅಲುಗಲಿಲ್ಲ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ಹಿರೇಕೆರೂರಿನ ನಮ್ಮ ಮನೆಯಲ್ಲಿ ಮುಂಜಿಯಾದ ಗಂಡುಮಕ್ಕಳಿಗೆ ದಿನಾ ಸಂಧ್ಯಾವಂದನೆ. ಅದರ ಪ್ರಾಣಾಯಾಮದಲ್ಲಿ ಬಲ ಹೊಳ್ಳೆ ಒತ್ತಿ ಹಿಡಿದು ಎಡದಿಂದ ಉಸಿರೆಳೆಯಬೇಕು. ತಮ್ಮನಿಗೆ ಆಗ ಹತ್ತೋ ಹನ್ನೊಂದೋ. ಬಲ ಹೊಳ್ಳೆ ಒತ್ತಿದ ಕೂಡಲೇ ಅವನ ಬಾಯಿ ತೆರೆದುಕೊಳ್ಳುತ್ತಿತ್ತು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದವರು. ಬಾಯಿಂದ ಉಸಿರಾಡುವವನಿಗೆ ಮಂತ್ರ ಹತ್ತುವುದಿಲ್ಲ ಅನ್ನುತ್ತಿದ್ದರು. "ಎಡಗಡೆ ಬರಂಗಿಲ್ಲ ಅಪ್ಪಾ" ಎಂದು ಅವನು ಹೇಳಿದ್ದ. ಅದನ್ನು ಪರೀಕ್ಷಿಸಲೆಂದೇ ಅಪ್ಪ ಆ ಎಳೆ ಹಿಡಿದದ್ದು. ಬಲಗಡೆ ಅದು ಹಾರಿತು. ಎಡಗಡೆ ಸುಮ್ಮನೆ ತೂಗಿ ನಿಂತಿತು. ಅಪ್ಪ ಅದನ್ನು ಕಣ್ಣಾರೆ ಕಂಡು, ಹುಡುಗ ಬೇಕೆಂದೇ ಉಸಿರು ಬಿಗಿಹಿಡಿದಿದ್ದಾನೆ ಎಂದು ತೀರ್ಮಾನಿಸಿದರು.

ಬಾಗಿಲಲ್ಲಿ ನಿಂತಿದ್ದ ನಾನು, "ಕಳ್ಳಾಟ ಆಡ್ತಾನ ಇವ" ಅಂದೆ. ತಮ್ಮ ಇದನ್ನು ಮರೆತಿದ್ದಾನೆ. ನಾನು ಮರೆತಿಲ್ಲ.

ಅದರ ಹಿಂದಿನ ವರ್ಷ ಮಾಸೂರಿಗೆ ಹೋಗಿದ್ದಾಗ ಅವನು ಕೆರೆಯ ಕಲ್ಲು ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಅವ್ವ ನೆತ್ತಿಗೆ ತಣ್ಣೀರು ತಟ್ಟಿದಳು. ಮೂಗಿನಿಂದ ಸುರಿಯುತ್ತಿದ್ದ ರಕ್ತ ನಿಂತಿತು, ಅದು ನಿಂತಿತೆಂದರೆ ಎಲ್ಲ ಮುಗಿಯಿತು ಅಂದುಕೊಂಡೆವು. ನಾಲ್ಕು ದಿನ ಮೂಗು ಬಾತುಕೊಂಡಿತ್ತು, ಇಳಿಯಿತು. ಡಾಕ್ಟರಿಗೆ ತೋರಿಸುವ ಮಾತು ಬಂದಿತ್ತೋ ಇಲ್ಲವೋ ಖಚಿತವಿಲ್ಲ. ಬಂದಿರಲಿಕ್ಕಿಲ್ಲ.

ವರ್ಷಗಟ್ಟಲೆ ಬೆಳಗ್ಗೆ ಎದ್ದರೆ ಅದೇ ಬೈಗುಳ. ಕೊನೆಗೆ ಅಪ್ಪ ಅವನಿಗೆ ಮಂತ್ರದ ಪಾಠ ಹೇಳುವುದನ್ನೇ ಬಿಟ್ಟರು. ಇವನಿಗೆ ಶ್ರದ್ಧೆಯಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿದರು. ತಮ್ಮನೂ ಅದನ್ನು ನಂಬಿದ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದೆ, ತಲೆಬುರುಡೆಯ ಚಿತ್ರ ಬರೆದು ಮೂಗಿನ ನಡುಗೋಡೆಗೆ ಬಾಣದ ಗುರುತು ಹಾಕಿದೆ. ರಜೆಗೆ ಬಂದಾಗ ಬಾಯಿ ತೆರೆದು ಮಲಗಿದ ತಮ್ಮನನ್ನು ನೋಡಿ ನಕ್ಕೆ.

ಅವನೀಗ ಶಿಗ್ಗಾಂವಿಯಲ್ಲಿದ್ದಾನೆ. ಅವನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದವಳು ಅವನ ಹೆಂಡತಿ, ಹಾನಗಲ್ಲಿನವಳು. ಗೊರಕೆಯ ನಡುವೆ ಅವನ ಉಸಿರು ನಿಂತುನಿಂತು ಬರುವುದನ್ನು ಅವಳು ಗಮನಿಸಿದ್ದಳು. ಅವನೋ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡೇ ದಿನ ದೂಡಿದ್ದ. ಬರಬರುತ್ತ ಅದರಿಂದಲೇ ಮೂಗು ಇನ್ನಷ್ಟು ಕಟ್ಟುತ್ತಿತ್ತಂತೆ. ಹುಬ್ಬಳ್ಳಿಗೆ ನಾನೂ ಜೊತೆಗೆ ಹೋಗಿದ್ದೆ. ಕಿವಿ-ಮೂಗು-ಗಂಟಲಿನ ಡಾಕ್ಟರು ತಣ್ಣನೆಯ ಸ್ಟೀಲ್ ಪಟ್ಟಿಯೊಂದನ್ನು ಅವನ ಮೂಗಿನ ಕೆಳಗೆ ಹಿಡಿದರು. ಬಲಗಡೆ ಹಬೆ ಮೂಡಿತು. ಎಡಗಡೆ ಪಟ್ಟಿ ಹೊಳೆಯುತ್ತಲೇ ಇತ್ತು.

ಅಪ್ಪ ಮಾಡಿದ್ದ ಪರೀಕ್ಷೆಯೇ ಅದು. ಡಾಕ್ಟರು ಅದನ್ನು ನೋಡಿ ಕೇಳಿದ್ದು, ಸಣ್ಣವರಿದ್ದಾಗ ಬಿದ್ದಿದ್ರೇನು ಎಂದು. ಒಳಗೆ ನಡುಗೋಡೆ ಪೂರಾ ಎಡಕ್ಕೆ ಬಾಗಿತ್ತು. ಬಿದ್ದ ದಿನವೇ, ತಪ್ಪಿದರೆ ಮರುದಿನ, ತೋರಿಸಬೇಕಿತ್ತು ಎಂದರು; ಒಂದೇ ಕಡೆ ಮೂಗು ಸದಾ ಕಟ್ಟಿಕೊಂಡಿದ್ದರೆ ನೆಗಡಿ ಅಂತ ಸುಮ್ಮನೆ ಕೂರಬಾರದು ಎಂದೂ ಹೇಳಿದರು.

ಆಪರೇಷನ್ ಆಯಿತು. ಎರಡು ತಿಂಗಳು ಬಿಟ್ಟು ತಮ್ಮ ಹಿರೇಕೆರೂರಿಗೆ ಬಂದ. ಸ್ನಾನ ಮಾಡಿ, ಅಪ್ಪನ ಪಕ್ಕ ಮಣೆ ಹಾಕಿಕೊಂಡು ಕುಳಿತು, ಬಲ ಹೊಳ್ಳೆ ಒತ್ತಿ ಎಡದಿಂದ ಉದ್ದಕ್ಕೆ ಉಸಿರೆಳೆದ. ನಲವತ್ತು ದಾಟಿದವನು, "ಈಗ ಬರ್ತದ ಅಪ್ಪಾ" ಅಂದ.

ಅಪ್ಪ ಪಂಚಾಂಗದಿಂದ ತಲೆ ಎತ್ತಲಿಲ್ಲ. "ಮೂಗು ಬಂತು. ಮಂತ್ರ ಎಲ್ಲಿಂದ ತರ್ತಿ?"

ತಮ್ಮ ಮಧ್ಯಾಹ್ನದ ಬಸ್ಸಿಗೇ ಹೊರಟುಹೋದ. ಆಮೇಲೆ ಬಂದಿಲ್ಲ.

ಅವನು ಹೋದ ಮೇಲೆ ಅಪ್ಪ ಹತ್ತಿ ಹಿಂಜಿ ಹೂಬತ್ತಿ ಮಾಡುತ್ತ ಕುಳಿತರು. ಆ ಮಧ್ಯಾಹ್ನ ಕಂಡ ಹತ್ತಿಯನ್ನೇ ನನ್ನ ನೆನಪು ಬಾಲ್ಯಕ್ಕೆ ಒಯ್ದು ತಮ್ಮನ ಮೂಗಿನ ಕೆಳಗೆ ಹಿಡಿದಿರಲೂಬಹುದು. ಎದುರಿಗೆ ಕುಳಿತು ಒಂದು ಮಾತು ಕೇಳಿದೆ. ಅಪ್ಪ ಇನ್ನೊಂದು ಬತ್ತಿ ಹೊಸೆದರು.

"ಎಳೆ ಅಲುಗಲಿಲ್ಲ ಅನ್ನೋದು ನಿಮಗೂ ಕಂಡಿತ್ತಲ್ಲ ಅಪ್ಪಾ. ಅವನ ಮ್ಯಾಲೆ ಬಂದ ಸಂಶಯ ಮೂಗಿನ ಮ್ಯಾಲೆ ಯಾಕ ಬರಲಿಲ್ಲ?"