ಬೆಳ್ಳಗಾಗದ ಕಣ್ಣು

ಕರ್ನೂಲಿನ ಆಸ್ಪತ್ರೆಯಲ್ಲಿ ಇವತ್ತು ಅವ್ವನ ಕಣ್ಣಿಗೆ ಇಂಜೆಕ್ಷನ್ ಆದಮೇಲೆ ಒಂದು ಕಪ್ಪು ಕನ್ನಡಕ ಕೊಟ್ಟರು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳಗುಂದದ ನಮ್ಮ ಪಕ್ಕದ ಮನೆಯ ಮಾವ ನೆನಪಾದ. ಮೈಯೆಲ್ಲ ಉರಿಯಿತು. ಸತ್ತವನ ಮೇಲೆ ಇನ್ನೂ ಸಿಟ್ಟೇ ಅಂದರೆ, ಹೌದು, ಇನ್ನೂ ಸಿಟ್ಟೇ.

ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡು ಬಂದಿದ್ದನಲ್ಲ, ಅಂದಿನಿಂದ ಓಣಿಗೆಲ್ಲ ಅವನೇ ಕಣ್ಣಿನ ಡಾಕ್ಟರು. ಕ್ಯಾಂಪಿನವರು ಕೊಟ್ಟ ಕಪ್ಪು ಕನ್ನಡಕವನ್ನು ಮೋಡ ಮುಸುಕಿದ ದಿನವೂ ತೆಗೆಯುತ್ತಿರಲಿಲ್ಲ. ಯಾರಾದರೂ ಕಣ್ಣು ಉಜ್ಜಿಕೊಂಡರೆ ಸಾಕು, ಬ್ಯಾಟರಿ ಹಿಡಿದು ಹಾಜರ್!

ಅವ್ವನಿಗೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣತೊಡಗಿತ್ತು. ರೊಟ್ಟಿ ಬಡಿಯುವಾಗ ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ ಎನ್ನುತ್ತಿದ್ದಳು. ಆಸ್ಪತ್ರೆಗೆ ಹೋಗೋಣವೆಂದು ಎಷ್ಟು ಗೋಗರೆದರೂ ಅವನ ಅಪ್ಪಣೆಯಿಲ್ಲದೆ ಹೊರಡಳು. ಅವನು ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟು, ಇಣುಕಿ ನೋಡಿ, ತೀರ್ಪು ಕೊಡುತ್ತಿದ್ದ.

“ಪೊರಿ ಇನ್ನಾ ಹಣ್ಣಾಗಿಲ್ಲ ತಂಗಿ. ಗುಡ್ಡಿ ಬೆಳ್ಳಗ ಆಗಲಿ, ಆಮ್ಯಾಲೆ ಹೋಗೀಯಂತ. ನಾನೂ ಹಂಗ ಕಾದಿದ್ದೆ.”

ಬೆಳ್ಳಗಾಗಲಿಲ್ಲ… ಆಗುವಂಥದ್ದೇ ಅಲ್ಲ ಅದು. ಕೊನೆಗೆ ಜಗಳವಾಡಿ ಕರ್ನೂಲಿಗೆ ಕರೆದೊಯ್ದೆ. ಇದು ಪೊರೆಯಲ್ಲ, ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ರಕ್ತನಾಳ ಸೋರುತ್ತಿದೆ ಎಂದರು ಡಾಕ್ಟರಮ್ಮ. ಎಡಗಣ್ಣಿನಲ್ಲಿ ಕಲೆಗಟ್ಟಿ ಹೋಗಿದೆ, ಯಾವ ಆಪರೇಷನ್ನಿನಿಂದಲೂ ಆ ನೋಟ ವಾಪಸು ಬಾರದು. ಬಲಗಣ್ಣಿಗೆ ತಪ್ಪದೆ ಇಂಜೆಕ್ಷನ್ ಕೊಡಿಸುತ್ತಿದ್ದರೆ ಇದ್ದಷ್ಟು ಉಳಿದೀತು. ಅಂದೇ ಮೊದಲನೆಯದನ್ನು ಕೊಟ್ಟು, ಮುಂಚೆಯೇ ಬರಬಾರದಿತ್ತೇ ಎಂದು ತೆಲುಗಿನಲ್ಲಿ ಗದರಿದರು.

ಊರಿಗೆ ಬಂದು ಅವನ ಬಾಗಿಲಲ್ಲಿ ಕೂಗಾಡಿದೆ. ಅವನೋ, ಕನ್ನಡಕವನ್ನೂ ತೆಗೆಯದೆ, “ಕಣ್ಣಾಗ ಸೂಜಿ ಚುಚ್ಚಿಸ್ತಿಯಾ? ಹುಚ್ಚು ಹಿಡದೈತೇನೋ ನಿನಗ?” ಅಂದ! ಆ ಮಾತಿಗೆ ಹೆದರಿದ ಅವ್ವ ಮುಂದಿನ ಇಂಜೆಕ್ಷನ್ನುಗಳಿಗೆ ಬರಲೇ ಇಲ್ಲ. ಮತ್ತೆ ಒಪ್ಪಿಸುವಷ್ಟರಲ್ಲಿ ಬಲಗಣ್ಣಿನ ನಡುವೂ ಮಸುಕಾಗಿತ್ತು.

ಹೋದ ವರ್ಷ ಅವನು ಸತ್ತ. ಅವ್ವ ಹೆಣದ ಮುಂದೆ ಕೂತು ತನ್ನ ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿದಳು. “ಅಣ್ಣನ ಮುಖಾನ ಕಾಣವಲ್ದಲ್ಲೋ…” ಎಂದು ಅತ್ತಳು. ನನಗೆ ಅಳು ಬರಲಿಲ್ಲ.

ಈಗ ಬಸ್ಸಿಳಿದು ಬಂದರೆ ಅವನ ಮನೆಗೆ ಬೀಗ. ಬೈಯೋಣವೆಂದರೆ ಯಾರನ್ನು ಬೈಯಲಿ? ಅವ್ವ ಕಪ್ಪು ಕನ್ನಡಕ ತೆಗೆದು, ನನ್ನ ಕಿವಿಯ ಕಡೆ ದಿಟ್ಟಿಸಿ, “ಭಾಳ ಸೊರಗೀಯಲ್ಲಪಾ” ಅಂದಳು.

ಹೌದವ್ವ, ಅಂದೆ. ಅವಳಿಗೆ ನನ್ನ ಮುಖ ಕಾಣುವುದಿಲ್ಲ.