ಮಿನ್ಕಕ್ಕ ಅಂಟಿಸಿದ ಎರಡು ಮುಖ

ಯಾಂತ್ರಾ ನದಿಯ ಮೇಲಿನ ಮಂಜು ಇವತ್ತು ಎಷ್ಟು ದಪ್ಪವೆಂದರೆ ಚಾಕುವಿನಲ್ಲಿ ಕುಯ್ದು ಬ್ರೆಡ್ಡಿಗೆ ಸವರಿಕೊಳ್ಳಬಹುದು. ಸೂರ್ಯನಿಗೇ ಏಳುವ ಮನಸ್ಸಿಲ್ಲ. ಅಂಥ ಹೊತ್ತಿನಲ್ಲಿ ಬೇಕರಿಯ ಎದುರುಗೋಡೆಯ ಬಳಿ ಒಂದು ಬಕೆಟ್ಟು ಹಬೆಯಾಡುತ್ತಿದೆ. ಪಕ್ಕದಲ್ಲಿ ಮೊಣಕಾಲಿಗೆ ಉಣ್ಣೆಯ ಶಾಲು ಬಿಗಿದುಕೊಂಡ ಹೆಂಗಸೊಬ್ಬಳು ಗೋಡೆ ಕೆರೆಯುತ್ತಿದ್ದಾಳೆ. ಕೆರೆದು ತೆಗೆದದ್ದು ‘ಕಾಡು ಕೊಳ್ಳುತ್ತೇವೆ, ತಕ್ಷಣ ಹಣ’ ಎಂಬ ಚೀಟಿ.

“ಮಾರೋಕೆ ನನ್ ಹತ್ರ ಒಂದ್ ಗಿಡಾನೂ ಇಲ್ಲ. ಆದ್ರೂ ದಿನಾ ನನ್ನೇ ಕೇಳ್ತಾರೆ,” ಎನ್ನುತ್ತಾಳೆ ಆಕೆ. “ಅದೂ ಸತ್ತೋರ ಮುಖದ ಮೇಲೆ ಅಂಟ್ಸಿ ಕೇಳ್ತಾರೆ.”

ಈಕೆ ಮಿನ್ಕಾ ಕೊಯೆವಾ. ಊರಿಗೆಲ್ಲ ಮಿನ್ಕಕ್ಕ. ಇವಳ ಕೋಟಿನೊಳಗೆ ಸುರುಳಿ ಸುತ್ತಿದ ಹಾಳೆಯೊಂದಿದೆ. ಅದರ ಮೇಲೆ ಯಾರ ಮುಖವಿದೆ ಎಂದು ತಿಳಿಯಲು ಇಡೀ ಊರು ಒಂದು ವರ್ಷದಿಂದ ಊಟ ನಿದ್ದೆ ಬಿಟ್ಟು ಕಾಯುತ್ತಿದೆ. ಇಡೀ ಊರು ಎಂದರೆ, ಕನಿಷ್ಠ ಬೇಕರಿಯ ಸಾಲಿನಲ್ಲಿ ನಿಲ್ಲುವಷ್ಟು ಜನ.

ನಮ್ಮ ಬಲ್ಗೇರಿಯಾದಲ್ಲಿ ಸತ್ತವರು ಸತ್ತ ದಿನ ಅಚ್ಚಿನ ಹಾಳೆಯಾಗಿ ಗೋಡೆಗೆ ಬರುತ್ತಾರೆ. ನಲವತ್ತನೆಯ ದಿನ ಮತ್ತೆ ಬರುತ್ತಾರೆ, ಆಮೇಲೆ ವರ್ಷವರ್ಷವೂ ಬರುತ್ತಾರೆ. ಮೇಲೆ ಫೋಟೋ, ನಡುವೆ ಹೆಸರು, ಕೆಳಗೆ ದುಃಖತಪ್ತರು. ಮನೆಯವರು ಇರುವಷ್ಟು ಕಾಲ ಹಾಳೆ ಬರುತ್ತದೆ. ಮನೆಯವರೂ ಹೋದರೆ? ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಂಗೇರಿಯ ದ್ರಾವಾ ನದಿಯ ದಂಡೆಗೆ ಹೋಗಿ ಕಾದಾಡಿದ ನಮ್ಮೂರ ಹುಡುಗರಲ್ಲಿ ಅರ್ಧಕ್ಕರ್ಧ ಜನಕ್ಕೆ ಈಗ ಅಳುವವರಿಲ್ಲ. ಅವರಿಗಾಗಿಯೇ ದ್ರಾವಾ ಯೋಧರ ನೆನಪಿನ ಸಂಘವಿದೆ. ಸಂಘವೆಂದರೆ ಅರಮನೆ ಊಹಿಸಿಕೊಳ್ಳಬೇಡಿ. ವಾಚನಾಲಯದ ಹಿಂದೆ ಒಂದು ಕೋಣೆ, ಹೊಗೆ ಕಾರುವ ಒಂದು ಸೌದೆ ಒಲೆ, ಒಂದು ಬಾವುಟ, ಇವ್ಕೋವ್ ಎಂಬ ಕಾರ್ಯದರ್ಶಿ, ಮತ್ತು ಮಿನ್ಕಕ್ಕ.

ಬಟ್ಟೆ ಗಿರಣಿ ಮುಚ್ಚಿದಾಗ ಅವಳು ಸಂಘದ ಕೋಣೆ ಗುಡಿಸಲು ಬಂದವಳು. ಗುಡಿಸುತ್ತ ಗುಡಿಸುತ್ತ ಸಂಘದ ಎಲ್ಲ ಕೆಲಸವೂ ಅವಳ ಪೊರಕೆಗೇ ಅಂಟಿಕೊಂಡಿತು. ಬದುಕಿದ್ದ ಯೋಧರ ಮನೆಗೆ ಬಿಸಿ ಸೂಪು ಒಯ್ದದ್ದು ಅವಳು. ಸೇಂಟ್ ಜಾರ್ಜ್ ಹಬ್ಬದ ದಿನ ಅವರ ಪದಕಗಳನ್ನು ಉಜ್ಜಿ, ಕೈ ಹಿಡಿದು ಸ್ಮಾರಕದ ಮೆಟ್ಟಿಲು ಹತ್ತಿಸಿದ್ದೂ ಅವಳೇ. ಒಂದು ಕಾಲಕ್ಕೆ ಆ ಮೆಟ್ಟಿಲ ಮೇಲೆ ನಿಲ್ಲಲು ಜಾಗ ಸಾಲದೆ ಮುದುಕರು ಮೊಣಕೈಯಲ್ಲಿ ತಿವಿದಾಡುತ್ತಿದ್ದರು. ಈಗ ಉಳಿದಿರುವವನು ಲಾಲ್ಯೊ ಅಜ್ಜ ಒಬ್ಬನೇ. ಅವಳ ಕಥೆ ಬರೆಯುತ್ತಿರುವ ನಾನು ಅವನ ವಯಸ್ಸು ಇನ್ನೂರು ಎಂದು ಬರೆದುಕೊಂಡರೆ, ಮಿನ್ಕಕ್ಕ ಇಣುಕಿ ನೋಡಿ, ತೊಂಬತ್ತು ದಾಟಿದೆ ಅಂತ ಬರಿ, ಅಷ್ಟಕ್ಕೇ ಸುಸ್ತಾಗತ್ತೆ ಕೇಳಿದವರಿಗೆ ಎನ್ನುತ್ತಾಳೆ.

ಅವಳ ಕುಂಚವನ್ನೂ ನಾನು ಹೊಗಳಲು ಹೋಗಿ ಬೈಸಿಕೊಂಡಿದ್ದೇನೆ. ಲಕ್ಷ ಹಾಳೆ ಅಂಟಿಸಿದ ಕೈ ಎಂದೆ. ಲಕ್ಷ ಅಂಟಿಸಿದ್ದರೆ ಊರೇ ಕಾಣುತ್ತಿರಲಿಲ್ಲ, ವಾರಕ್ಕೆ ಹತ್ತೋ ಹದಿನೈದೋ ಎಂದಳು. ಇರಲಿ. ಆದರೆ ಅವಳು ಕಾಯಿಸುವ ಮೈದಾ ಅಂಟಿನಂಥ ಅಂಟು ಯುರೋಪಿನಲ್ಲಿ ಎಲ್ಲೂ ಇಲ್ಲ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ನಮ್ಮ ಪೇಟೆಬೀದಿಯ ಕೆಲವು ಗೋಡೆಗಳು ಅದರಿಂದಲೇ ನಿಂತಿವೆ. ಪುರಸಭೆಯವರು ಒಮ್ಮೆ ಅವಳ ಹಾಳೆ ಕಿತ್ತಾಗ ಜೊತೆಗೆ ಅಂಗೈಯಗಲ ಗಾರೆಯೂ ಬಂತು. ಟೇಪು ಹಚ್ಚುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. “ಟೇಪಲ್ಲಿ ಅಂಟ್ಸಿದೋರು ಎರಡ್ನೇ ಮಳೆಗೆ ಚರಂಡಿಲಿ ಇರ್ತಾರೆ. ನನ್ನೋರು ಮಾಸ್ತಾರೆ, ಹರೀತಾರೆ. ಬೀಳಲ್ಲ.”

ಚಳಿಗಾಲದಲ್ಲಿ ಅಂಟು ಬಕೆಟ್ಟಿನಲ್ಲೇ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಹುಳಿ ವಾಸನೆ ಬರುತ್ತದೆ, ಮೊಣಕಾಲು ಎಲ್ಲ ಕಾಲದಲ್ಲೂ ನೋಯುತ್ತದೆ. ಬಿಟ್ಟುಬಿಡಬಾರದೇ ಎಂದು ಕೇಳಿದರೆ, ಬಿಡೋಕೂ ಸುಸ್ತು ಎನ್ನುತ್ತಾಳೆ.

ಇನ್ನು ಆ ಮುಖದ ಕಥೆ.

ಲಾಲ್ಯೊ ಅಜ್ಜನ ಜೊತೆ ಇದೇ ಬೀದಿಯಿಂದ ನೈದೆನ್ ಎಂಬ ಹುಡುಗನೂ ಯುದ್ಧಕ್ಕೆ ಹೋಗಿದ್ದ. ನೈದೆನ್ ಎಂದರೆ ಸಿಕ್ಕವನು. ಅವನು ಮಾತ್ರ ಸಿಗಲೇ ಇಲ್ಲ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ದ್ರಾವಾದ ದಂಡೆಯಲ್ಲಿ ಹೊಗೆ ಎದ್ದಿತು, ಹೊಗೆ ಹೋದ ಮೇಲೆ ಅವನಿರಲಿಲ್ಲ. ಲಾಲ್ಯೊ ಒಬ್ಬನೇ ಊರಿಗೆ ಬಂದಾಗ ನೈದೆನ್‌ನ ತಾಯಿ ಕೇಳಿದ್ದು ಒಂದೇ ಮಾತು: ಅವನು ಸತ್ತದ್ದನ್ನು ಕಣ್ಣಾರೆ ನೋಡಿದೆಯಾ? ನೋಡಿರಲಿಲ್ಲ. ಹಾಗಾದರೆ ಬರ್ತಾನೆ ಎಂದಳು. ಅವಳಿರುವ ತನಕ ಹಾಳೆ ಅಂಟಿಸಲು ಯಾರನ್ನೂ ಬಿಡಲಿಲ್ಲ. ಅವಳೂ ಹೋದ ಮೇಲೆ ಸಂಘ ಅಂಟಿಸತೊಡಗಿತು. ಫೋಟೋ ಇಲ್ಲದ ಕಾರಣ ಮುಖವಿರಬೇಕಾದ ಕಡೆ ಬರಿಯ ಬಿಳಿ ಚೌಕ. ದುಃಖತಪ್ತರು ಎಂಬಲ್ಲಿ ಸಂಘದ ಹೆಸರು.

ಹೋದ ವರ್ಷ ಲಾಲ್ಯೊ ಅಜ್ಜ ತನ್ನ ಕಪಾಟಿನ ತಳದಿಂದ ಒಂದು ಫೋಟೋ ತೆಗೆದು ಮಿನ್ಕಕ್ಕನ ಕೈಗಿಟ್ಟ. ಹಂಗೇರಿಯ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಇಬ್ಬರು ಹುಡುಗರು, ಒಂದೇ ಥರದ ಟೋಪಿ, ಒಂದೇ ಥರದ ಗಡ್ಡವಿಲ್ಲದ ಗಲ್ಲ. ಬಲಗಡೆಯವನು ನೈದೆನ್ ಎಂದ. ಇವ್ಕೋವ್ ಬಲಗಡೆಯವನನ್ನು ಕತ್ತರಿಸಿ ಅಚ್ಚು ಹಾಕಿಸಿದರು. ಮಿನ್ಕಕ್ಕ ಬೆಳಗ್ಗೆ ಅಂಟಿಸಿದಳು. ಬ್ರೆಡ್ಡು ತರಲು ಬಂದ ಲಾಲ್ಯೊ ಅಜ್ಜ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದ.

“ಇದು ನಾನಲ್ವೇನೇ?” ಅಂದ.

ಬೇಕರಿಯ ಸಾಲಿಗೆ ಸಾಲೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿತು. ಬದುಕಿದ್ದವನ ಮುಖ ಸತ್ತವನ ಹಾಳೆಯ ಮೇಲೆ! ಮಧ್ಯಾಹ್ನದೊಳಗೆ ಯಾರೋ ಅವನ ಮನೆಗೆ ಸಕ್ಕರೆ ಹಾಕಿ ಬೇಯಿಸಿದ ಗೋಧಿ ಕಳಿಸಿಯೂಬಿಟ್ಟರು. ತನ್ನ ತಿಥಿಯ ಗೋಧಿಯನ್ನು ತಾನೇ ತಿಂದ ಅಜ್ಜ, ವಾಲ್ನಟ್ ಕಮ್ಮಿ ಹಾಕಿದ್ದಾರೆ ಎಂದು ದೂರಿದನಂತೆ. ಮಿನ್ಕಕ್ಕ ಜೀವನದಲ್ಲಿ ಮೊದಲ ಸಲ ತನ್ನ ಕೈಯಾರೆ ತಾನು ಅಂಟಿಸಿದ್ದನ್ನು ಕಿತ್ತಳು. ಅಂಟು ಅವಳದ್ದೇ. ಉಗುರು ಹೋದವು, ಹಾಳೆ ಪೂರ್ತಿ ಬರಲಿಲ್ಲ.

ಮಾರನೆಯ ದಿನ ಅಜ್ಜ ಬಂದು, ಇಲ್ಲ, ಅದು ನೈದೆನ್ನೇ ಇರಬೇಕು ಎಂದ. ಅದರ ಮಾರನೆಯ ದಿನ, ಅಲ್ಲ ನಾನೇ ಎಂದ. ಅವನ ಕಣ್ಣಿಗೆ ಪೊರೆ ಬಂದು ಯಾವ ಕಾಲವಾಯಿತೋ. ಭೂಮಿಯ ಮೇಲೆ ಆ ಎರಡು ಮುಖಗಳನ್ನು ಬೇರೆಬೇರೆಯಾಗಿ ಬಲ್ಲವನು ಅವನೊಬ್ಬನೇ, ಅವನಿಗೇ ಗೊತ್ತಿಲ್ಲ. ಅವನೂ ಹೋದರೆ ನೈದೆನ್ ಮತ್ತೆ ಬಿಳಿ ಚೌಕ.

ಇಷ್ಟು ವರ್ಷ ಫೋಟೋ ಯಾಕೆ ಕೊಡಲಿಲ್ಲ ಎಂದು ಮಿನ್ಕಕ್ಕ ಸೂಪು ಬಡಿಸುತ್ತ ಬೈದಳಂತೆ. ಅವನ ತಾಯಿಗಾದರೂ ತೋರಿಸಬಾರದಿತ್ತೇ?

“ಹೆಂಗ್ ತೋರಿಸ್ಲಿ, ಮಗಳೇ,” ಎಂದನಂತೆ ಅಜ್ಜ. “ಅದ್ರಲ್ಲಿ ಇಬ್ರು ಇದೀವಿ. ಅವಳ ಮುಂದೆ ನಿಂತಿದ್ದೋನು ಒಬ್ಬ.”

ಈ ಚಳಿಗಾಲ ಅವನು ಎರಡು ಸಲ ಹಾಸಿಗೆ ಹಿಡಿದ. ಎರಡನೆಯ ಸಲ ಎದ್ದವನೇ ಕೋಲೂರಿಕೊಂಡು ಸಂಘದ ಕೋಣೆಗೆ ಬಂದು, ಈ ಮಾರ್ಚಿಗೆ ಎರಡೂ ಮುಖ ಹಾಕಿ ಎಂದು ಹಟ ಹಿಡಿದ. ಇವ್ಕೋವ್ ಅದನ್ನು ತಡೆಯುವ ನಿಯಮ ಹುಡುಕಿದರು, ಅಂಥ ನಿಯಮ ಇರಲಿಲ್ಲ. ಮಿನ್ಕಕ್ಕ ಮಾತ್ರ ಖಡಾಖಂಡಿತ ಆಗಲ್ಲ ಎಂದಳು. ಉಸಿರಾಡುವವರ ಮುಖದ ಹಿಂದೆ ತಾನು ಅಂಟು ಸವರುವುದಿಲ್ಲ, ಒಂದು ಸಲ ಸವರಿ ಅನುಭವಿಸಿದ್ದು ಸಾಕು ಎಂದಳು.

ಅಜ್ಜನೂ ಬಿಡಲಿಲ್ಲ. “ನನ್ ಹೆಂಡ್ತಿ ಸಮಾಧಿ ಕಲ್ಲಿನ ಮೇಲೆ ನನ್ ಹೆಸ್ರೂ ಕೆತ್ತಿದಾರೆ, ನನ್ ಫೋಟೋನೂ ಕೂರ್ಸಿದಾರೆ. ಹೋದಾಗ್ಲೆಲ್ಲ ನನಗೆ ನಾನೇ ಹೂ ಇಟ್ಟು ಬರ್ತೀನಿ. ಕಲ್ಲಿಗೆ ಹೆದರದೋನು ಕಾಗದಕ್ಕೆ ಹೆದರ್ತೀನಾ?”

“ನೀನ್ ಹೆದರಲ್ಲ ಅಜ್ಜ. ನಂಗ್ ಹೆದರಿಕೆ. ನೀನೂ ಹೋದ್ರೆ ನಾನ್ ಯಾರ್ ಮನೆಗೆ ಸೂಪ್ ತಗೊಂಡ್ ಹೋಗ್ಲಿ?”

ಮುಂದಿನದ್ದು ಇವ್ಕೋವ್ ಹೇಳಿದ್ದು. ಆಮೇಲೆ ಮಿನ್ಕಕ್ಕ ಹಳೆಯ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿ, ಎಲ್ಲಕ್ಕಿಂತ ಕೆಳಗಿನ ಸಾಲಿನ ಮೇಲೆ ಅಂಟು ಮೆತ್ತಿದ ಬೆರಳಿಟ್ಟಳಂತೆ. ಎರಡೂ ಮುಖ ಇರಲಿ, ಆದರೆ ಇಲ್ಲಿ ಸಂಘದ ಹೆಸರು ಬೇಡ, ಬದುಕಿರೋರ ಜಾಗದಲ್ಲಿ ನಿನ್ನ ಹೆಸರು ಹಾಕಿಸ್ತೀನಿ, ಒಪ್ತೀಯಾ ಎಂದು ಕೇಳಿದಳು. ಅಜ್ಜ ತಲೆಯನ್ನು ಅಡ್ಡಡ್ಡ ಆಡಿಸಿದ. ನಮ್ಮಲ್ಲಿ ಅಡ್ಡಡ್ಡ ಆಡಿಸಿದರೆ ಹೌದು ಎಂದರ್ಥ.

ಈಗ ಬೇಕರಿಯ ಕದ ತೆರೆಯುತ್ತದೆ, ಚೀಸು ತುಂಬಿದ ಬಿಸಿ ಬನಿತ್ಸಾದ ವಾಸನೆ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಮಿನ್ಕಕ್ಕ ಕುಂಚ ಅದ್ದಿ ಗೋಡೆಗೆ ಸವರುತ್ತಾಳೆ, ಕೋಟಿನಿಂದ ಸುರುಳಿ ತೆಗೆಯುತ್ತಾಳೆ, ಮೇಲಿನಿಂದ ಕೆಳಕ್ಕೆ ಅಂಗೈಯಲ್ಲಿ ಒತ್ತುತ್ತ ಬರುತ್ತಾಳೆ. ಎರಡು ಟೋಪಿ, ಎರಡು ಗಲ್ಲ, ನಡುವೆ ಒಂದೇ ಹೆಸರು. ಸಾಲಿನಲ್ಲಿ ನಿಂತವರು ಕುತ್ತಿಗೆ ಚಾಚುತ್ತಾರೆ. ಯಾರೂ ಶಿಲುಬೆಯ ಗುರುತು ಹಾಕಿಕೊಳ್ಳುವುದಿಲ್ಲ, ಯಾಕೆಂದರೆ ಈ ಸಲ ಹಟ ಹಿಡಿದು ಹಾಕಿಸಿದ ಲಾಲ್ಯೊ ಅಜ್ಜನೇ ಕೋಲೂರಿಕೊಂಡು ಅಲ್ಲೇ ನಿಂತಿದ್ದಾನೆ, ಕಂಕುಳಲ್ಲಿ ಬ್ರೆಡ್ಡು.

“ಓದೇ,” ಎನ್ನುತ್ತಾನೆ. ಅವನಿಗೆ ಅಕ್ಷರ ಕಾಣುವುದಿಲ್ಲ.

ಅವಳು ಓದುತ್ತಾಳೆ. ನೈದೆನ್, ದ್ರಾವಾದಿಂದ ಬರದವನು. ದುಃಖತಪ್ತ: ಲಾಲ್ಯೊ.

“ಕೊನೇದು ಇನ್ನೊಂದ್ ಸಲ ಓದು.”

ಓದುತ್ತಾಳೆ. ಅಜ್ಜ ಕೈಚಾಚಿ ಹಾಳೆ ಮುಟ್ಟಲು ಹೋಗುತ್ತಾನೆ. ಇನ್ನೂ ಹಸಿ ಇದೆ ಎಂದು ಅವಳು ಅವನ ಕೈ ಹಿಡಿದುಕೊಳ್ಳುತ್ತಾಳೆ. ಇಬ್ಬರೂ ಹಾಗೆಯೇ ನಿಂತಿರುತ್ತಾರೆ, ಯಾರು ಯಾರಿಗೆ ಆಸರೆಯೋ ಹೇಳುವುದು ಕಷ್ಟ.

ಅಜ್ಜ ಹೋದ ಮೇಲೆ ಅವಳು ಬಕೆಟ್ಟು ಬೋರಲು ಹಾಕಿ ಕೂತು ಮೊಣಕಾಲು ನೀವಿಕೊಳ್ಳುತ್ತಾಳೆ. ಬೇಕರಿಯವಳು ಒಂದು ತುಂಡು ಬನಿತ್ಸಾ ತಂದುಕೊಡುತ್ತಾಳೆ. ಈ ಇಬ್ಬರಲ್ಲಿ ನೈದೆನ್ ಯಾರಿರಬಹುದು, ನಿನಗೇನನ್ನಿಸತ್ತೆ ಎಂದು ನಾನು ಕೇಳುತ್ತೇನೆ. ಮಿನ್ಕಕ್ಕ ಅಗಿಯುತ್ತ ಗೋಡೆಯನ್ನು ಬಹಳ ಹೊತ್ತು ನೋಡುತ್ತಾಳೆ.

“ನಂಗೇನ್ ಗೊತ್ತು,” ಎನ್ನುತ್ತಾಳೆ. “ಇಬ್ರೂ ನೆಟ್ಟಗ್ ಕೂತಿದಾರೆ. ಬೀಳಲ್ಲ.”