ಅಂಟುವಾಳದ ಐಸ್

ಮಗಳು ನಂದಿನಿಯ ಬಲಗಾಲು ಹೊರಕ್ಕೆ ಸರಿಯಿತು. ನಿಲ್ಲಲೇ ಇಲ್ಲ. ಒಳತೊಡೆ ಹಿಡಿದುಕೊಂಡು ಕಣದ ಮೇಲೆ ಕುಸಿದಳು.

ನಾನು ಹಿರೇನಲ್ಲೂರು ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ರಾಗಿ ಒಕ್ಕುವ ನಮ್ಮ ಸಿಮೆಂಟ್ ಕಣದಲ್ಲೇ ಚಕ್ರದ ಸ್ಕೇಟಿಂಗ್ ಕಲಿತ ಅವಳು ಐಸ್ ಹಾಕಿ ಆಟದ ಶಿಬಿರಕ್ಕೆ ಆಯ್ಕೆಯಾಗಿದ್ದಳು. ನಾವಿಬ್ಬರೂ ಐಸ್ ಕಂಡಿದ್ದು ಜ್ಯೂಸ್ ಅಂಗಡಿಯಲ್ಲಿ ಮಾತ್ರ. ಐಸ್ ಎಂದರೆ ಜಾರುವುದು ತಾನೇ ಎಂದುಕೊಂಡು ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಆ ನೊರೆಯನ್ನು ಅವಳ ಅಭ್ಯಾಸಕ್ಕೆಂದು ಕಣಕ್ಕೆ ಸುರಿದೆ.

"ಅಪ್ಪಾ, ಇದ್ರ ಮೇಲೆ ಕಾಲೇ ನಿಲ್ತಿಲ್ಲ" ಅಂದಿದ್ದಳು.

"ಜೋರಾಗಿ ತಳ್ಳು ಕಣೇ" ಅಂದವನು ನಾನೇ.

ತರೀಕೆರೆಯ ಡಾಕ್ಟರು ಹೇಗಾಯಿತೆಂದು ಕೇಳಿದರು.

"ಬಚ್ಚಲಲ್ಲಿ ಜಾರಿದ್ಲು ಸಾರ್."

ಮೇಷ್ಟ್ರ ಮರ್ಯಾದೆ ಉಳಿಯಿತು. ಎಕ್ಸ್-ರೇ ಸರಿಯಿತ್ತು. ಬಿದ್ದ ಪೆಟ್ಟು, ವಾರ ಬಿಟ್ಟು ಓಡಾಡಲಿ ಅಂದರು. ಶಿಬಿರ ಹತ್ತಿರವಿತ್ತು. ಎಂಟನೇ ದಿನ ಅವಳ ಕಾಲಿಗೆ ಮತ್ತೆ ಸ್ಕೇಟ್ ಕಟ್ಟಿಸಿದೆ.

ಮರುದಿನ ಅವಳಿಗೆ ಮಂಚದಿಂದ ಕಾಲಿಳಿಸಲಾಗಲಿಲ್ಲ.

ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಸ್ಕ್ಯಾನ್ ನೋಡಿದ ಫಿಸಿಯೋ ಮೇಡಂ ಹುಬ್ಬು ಗಂಟಿಕ್ಕಿದರು. "ಇದು ಬಿದ್ದ ಪೆಟ್ಟಲ್ಲ. ಕಾಲು ಪಕ್ಕಕ್ಕೆ ಎಳೆದು ಒಳತೊಡೆ ಮಸಲ್ ಹರಿದಿದೆ. ಏನ್ ಮಾಡ್ತಿದ್ದೆ ಪುಟ್ಟಾ?"

"ಬಚ್ಚಲಲ್ಲಿ ಬಿದ್ದೆ ಮೇಡಂ" ಎಂದಳು ನಂದಿನಿ, ಗೋಡೆ ನೋಡುತ್ತಾ.

ನಾನು ಹೇಳಿಕೊಟ್ಟಿರಲಿಲ್ಲ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎಲ್ಲವನ್ನೂ ಹೇಳಿದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು.

"ಐಸ್ ಮೇಲೆ ಬ್ಲೇಡಿನ ಅಂಚು ಕಚ್ಕೊಳ್ಳುತ್ತೆ ಸಾರ್, ಅದಕ್ಕೇ ತಳ್ಳೋಕಾಗೋದು. ಒಣ ಸಿಮೆಂಟಲ್ಲಿ ಚಕ್ರ ಕಚ್ಚುತ್ತೆ. ನಿಮ್ಮ ನೊರೆ ಮೇಲೆ ಏನೂ ಕಚ್ಚಲ್ಲ. ಕಾಲು ಹೋಗ್ತಾನೇ ಇರುತ್ತೆ, ತಡೆಯೋಕೆ ತೊಡೆ ಒಂದೇ."

ವರ್ಷಗಟ್ಟಲೆ ಊರ ಮಕ್ಕಳಿಗೆ ಓಡುವುದು, ನೆಗೆಯುವುದು ಕಲಿಸಿದವನಿಗೆ ಇಷ್ಟು ತಿಳಿದಿರಲಿಲ್ಲ. ತಿಳಿಯದ್ದಕ್ಕಿಂತ, ಕೇಳಿದಾಗ ಮುಚ್ಚಿಟ್ಟೆನಲ್ಲ, ಅದು ಈಗಲೂ ಚುಚ್ಚುತ್ತದೆ. ನಿಜ ಹೇಳಿದ್ದರೆ ಆ ಎಂಟನೇ ದಿನ ಬರುತ್ತಲೇ ಇರಲಿಲ್ಲ.

ಶಿಬಿರ ತಪ್ಪಿತು. ಮೂರು ತಿಂಗಳಾಗಿದೆ. ನಂದಿನಿ ಕುಂಟದೆ ನಡೆಯುತ್ತಾಳೆ, ಸ್ಕೇಟ್ ಮಾತ್ರ ಇನ್ನೂ ಬೇಡ ಅಂದಿದ್ದಾರೆ ಮೇಡಂ. ಇಷ್ಟಾದರೂ ಉಳಿಯಿತಲ್ಲ ಎಂದು ಕೈಮುಗಿಯುತ್ತೇನೆ.

ಮೊನ್ನೆ ಅವಳನ್ನು ಕರೆದುಕೊಂಡು ಮೊದಲಿನ ಡಾಕ್ಟರ ಬಳಿಗೇ ಹೋದೆ. ಹಳೆಯ ಚೀಟಿಯಲ್ಲಿದ್ದ 'ಬಚ್ಚಲಲ್ಲಿ ಜಾರಿ' ಎಂಬುದನ್ನು ಹೊಡೆದುಹಾಕಿಸಿ, ನಡೆದದ್ದನ್ನು ಬರೆಸಿದೆ. ವಾಪಸ್ ಬರುವ ಬಸ್ಸಿನಲ್ಲಿ ನಂದಿನಿ ಅದನ್ನು ಎರಡು ಸಲ ಓದಿದಳು. ಮಡಚಿ ನನ್ನ ಜೇಬಿಗಿಟ್ಟಳು.

"ಇನ್ಮೇಲೆ ನಾನೂ ಸುಳ್ಳು ಹೇಳ್ಬೇಕಾಗಿಲ್ಲ, ಅಲ್ವಾ ಅಪ್ಪಾ?"